ಪೆನ್ ಡ್ರೈವ್‌ನಲ್ಲಿ ಬಾರದ ಹಾಡು

ನಾವು ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ ಅರ್ಧ ಗಂಟೆಯ ರೇಡಿಯೋ ಕಾರ್ಯಕ್ರಮವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ನಮ್ಮಲ್ಲೊಬ್ಬನ ಊರಿನ ಅಜ್ಜಿ ಬೀಸುವ ಪದ ಹಾಡ್ತಾರೆ ಅಂತ ಗೊತ್ತಾಗಿ, ಎರವಲು ಲ್ಯಾಪ್‌ಟಾಪೊಂದಕ್ಕೆ ಮೈಕ್ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆವು. ಅಜ್ಜಿ ಮೊದಲು ನಾಚಿಕೊಂಡರು. ಆಮೇಲೆ, ಬರೀ ಕೈಯಲ್ಲಿ ಕೂತ್ರೆ ಪದ ಬರಲ್ಲ ಅಂತ ಒಂದು ಮೊರ ರಾಗಿ ತರಿಸಿ, ಕಲ್ಲು ತಿರುಗಿಸುತ್ತಾ ಐವತ್ತು ನಿಮಿಷ ಹಾಡಿದರು.

ರೆಕಾರ್ಡ್ ಮಾಡಿದ್ದು ಅಡಾಸಿಟಿಯಲ್ಲಿ. ಸೇವ್ ಮಾಡಿದೆವು, ಎಯುಪಿ ಅನ್ನೋ ಬಾಲದ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡೆವು, ಲ್ಯಾಪ್‌ಟಾಪ್ ವಾಪಸ್ ಕೊಟ್ಟೆವು. ಮುಂದಿನ ತಂಡದವರಿಗೆ ಕೊಡೋ ಮೊದಲು ಅದನ್ನು ಅಳಿಸಿ ಹೊಸದಾಗಿ ಸಿದ್ಧಮಾಡಿದ್ದರು. ವಾರದ ನಂತರ ನಮ್ಮ ಫೈಲ್ ತೆರೆದರೆ ಪರದೆಯ ಮೇಲೆ ದನಿಯ ಅಲೆ ಇರಬೇಕಾದ ಜಾಗದಲ್ಲಿ ಒಂದು ನೇರ ಗೆರೆ.

ಆಗಿನ ಅಡಾಸಿಟಿಯಲ್ಲಿ ಎಯುಪಿ ಫೈಲ್ ಅಂದರೆ ಬರೀ ವಿಳಾಸದ ಚೀಟಿ. ದನಿ ಇರುತ್ತಿದ್ದದ್ದು ಪಕ್ಕದಲ್ಲೇ ಇದ್ದ, ಹೆಸರಿನ ಕೊನೆಗೆ ಡೇಟಾ ಅಂತಿದ್ದ ಇನ್ನೊಂದು ಫೋಲ್ಡರಿನಲ್ಲಿ, ಪುಟ್ಟ ಪುಟ್ಟ ತುಂಡುಗಳಾಗಿ. ನಾವು ಚೀಟಿ ತಂದು ಮನೆ ಬಿಟ್ಟು ಬಂದಿದ್ದೆವು. ಲೆಕ್ಕ ಹಾಕಿದ್ದರೂ ಗೊತ್ತಾಗುತ್ತಿತ್ತು: ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 4 ಬೈಟ್, ಐವತ್ತು ನಿಮಿಷಕ್ಕೆ ಸುಮಾರು 529 ಎಂಬಿ. ನಮ್ಮ ಪೆನ್ ಡ್ರೈವ್‌ನಲ್ಲಿದ್ದದ್ದು ಒಂದಷ್ಟು ಕೆಬಿ. ತಪ್ಪು ನಮ್ಮದೇ. ಇನ್ನೊಮ್ಮೆ ಹೋಗೋಣ ಅಂದುಕೊಂಡೆವು, ಪರೀಕ್ಷೆ ಬಂತು, ಕೆಲಸ ಹುಡುಕೋದು ಬಂತು. ನಾವು ಹೋಗೋ ಹೊತ್ತಿಗೆ ಅಜ್ಜಿ ಇರಲಿಲ್ಲ.

ಈ ಕತೆ ಈಗ ನೆನಪಾಗಲು ಕಾರಣ ಐದು ಹಳೇ ಕಂಪ್ಯೂಟರ್. ಊರಿನ ಹುಡುಗ ಹುಡುಗಿಯರು ದನಿ ಕಾರ್ಯಕ್ರಮ ಮಾಡೋದು ಕಲಿಯಲಿ ಅಂತ ಅವನ್ನು ನಾವೇ ಕೂಡಿಸಿ, ಉಬುಂಟು ಸ್ಟುಡಿಯೋ ಹಾಕಿದೆವು. 2007ರ ಮೇ ತಿಂಗಳಲ್ಲಿ ಮೊದಲು ಹೊರಬಂದ, ಸ್ವಯಂಸೇವಕರು ನಡೆಸಿಕೊಂಡು ಬರುತ್ತಿರುವ, ಹಾಡು, ಚಿತ್ರ, ವಿಡಿಯೋ ಮಾಡುವವರಿಗೆಂದೇ ಇರುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಇದು. ಹಾಕಿದ ಕೂಡಲೇ ಬೇಕಾದ ತಂತ್ರಾಂಶಗಳೆಲ್ಲ ಬಂದು ಕೂತಿರುತ್ತವೆ. ಯಾವುದು ಮೊದಲೇ ಬರಬೇಕು ಅನ್ನೋ ಪಟ್ಟಿಗೆ ಉಬುಂಟು ಬಳಗದಲ್ಲಿ ‘ಸೀಡ್’ ಅಂತ ಹೆಸರು. ಆ ಪಟ್ಟಿಯಿಂದ ಪೂರ್ತಿ ವ್ಯವಸ್ಥೆ ಬೆಳೆಸುವ ಉಪಕರಣದ ಹೆಸರು ‘ಜರ್ಮಿನೇಟ್’. ಬೀಜ, ಮೊಳಕೆ! ಬಿತ್ತಿದ್ದೇ ಬೆಳೆಯೋದು ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಮೆನುವಿನಲ್ಲಿ ಅಷ್ಟೊಂದು ತಂತ್ರಾಂಶಗಳಿದ್ದರೆ ಹೊಸಬರು ಯಾವುದನ್ನು ಒತ್ತಬೇಕು? ಪರದೆಯ ಮೇಲೆ ಒಂದನ್ನು ಇಡೋಣ ಅಂದಾಗ ಜಗಳ ಶುರುವಾಯಿತು.

ಒಬ್ಬಳು ಆರ್ಡರ್ ಅಂದಳು. ಪಾಲ್ ಡೇವಿಸ್ ಆರಂಭಿಸಿದ ಈ ತಂತ್ರಾಂಶ ಪೂರ್ಣ ಸ್ಟುಡಿಯೋ ಇದ್ದ ಹಾಗೆ. ಎಷ್ಟು ಕತ್ತರಿಸಿದರೂ ಮೂಲ ದನಿ ಕೆಡುವುದಿಲ್ಲ. ರೆಕಾರ್ಡ್ ಮಾಡಿದ್ದು ಫೋಲ್ಡರಿನೊಳಗೆ ನೇರವಾಗಿ ವೇವ್ ಫೈಲಾಗಿ ಬೀಳುತ್ತದೆ. ಪ್ರಾಜೆಕ್ಟ್ ಕೆಟ್ಟರೂ ಆ ಫೈಲನ್ನು ಯಾವ ಪ್ಲೇಯರಿನಲ್ಲಾದರೂ ಕೇಳಬಹುದು. ಅಜ್ಜಿಯ ಅನುಭವ ಆದ ಮೇಲೂ ಇನ್ನೇನು ಯೋಚನೆ ಅಂತ ಅವಳ ವಾದ.

ಇನ್ನೊಬ್ಬ ಒಪ್ಪಲಿಲ್ಲ. ಮೊದಲ ದಿನ ಬಂದ ಹುಡುಗಿಗೆ ಬಸ್, ಸೆಂಡ್, ರೀಜನ್ ಅಂತೆಲ್ಲ ತೋರಿಸಿದರೆ ಎರಡನೇ ದಿನ ಬರಲ್ಲ. ಅಡಾಸಿಟಿಯಲ್ಲಿ ಕೆಂಪು ಗುಂಡಿ ಒತ್ತು, ಮಾತಾಡು, ಕತ್ತರಿಸು, ಅಷ್ಟೇ. ಮೇಲಾಗಿ 2021ರಲ್ಲಿ ಬಂದ 3.0 ಆವೃತ್ತಿಯಿಂದ ಅಡಾಸಿಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ. ನಾವು ಬಿದ್ದ ಗುಂಡಿ ಈಗ ಮುಚ್ಚಿದೆ ಅಂದ.

ಮೂರನೆಯದು ಜ್ಯಾಕ್‌ನ ಪ್ರಶ್ನೆ. ಸಂಗೀತಗಾರರಿಗೆ ತಂತಿ ಮೀಟಿದ ಕೂಡಲೇ ಕಿವಿಗೆ ಬೀಳಬೇಕು, ಅದಕ್ಕೆ ಜ್ಯಾಕ್ ಇದೆ. 48,000 ವೇಗದಲ್ಲಿ 64 ಮಾದರಿಯ ಬಫರ್ ಇಟ್ಟರೆ ಅದರಿಂದಾಗುವ ತಡ 1.3 ಮಿಲಿಸೆಕೆಂಡ್ ಮಾತ್ರ. ಆದರೆ ನಮ್ಮ ಹಳೇ ಯಂತ್ರಗಳು ಆ ವೇಗಕ್ಕೆ ಏದುಸಿರು ಬಿಟ್ಟವು, ದನಿಯಲ್ಲಿ ಚಟಪಟ ಶುರು. ಜೊತೆಗೆ ಜ್ಯಾಕ್ ಸೌಂಡ್ ಕಾರ್ಡನ್ನು ತಾನೊಂದೇ ಹಿಡಿದುಕೊಂಡರೆ ಬ್ರೌಸರ್ ಮೂಕ. ಈಗ ಪೈಪ್‌ವೈರ್ ಬಂದು ಆ ತಲೆನೋವು ಕಮ್ಮಿ ಮಾಡಿದೆ. 2021ರಲ್ಲಿ ಫೆಡೋರಾ 34 ಅದನ್ನು ದನಿಗೆ ಡೀಫಾಲ್ಟ್ ಮಾಡಿತು, 2022ರ ಅಕ್ಟೋಬರಿನಲ್ಲಿ ಉಬುಂಟು. ಎರಡು ಬಗೆಯ ತಂತ್ರಾಂಶಗಳೂ ಅದರ ಮೇಲೆ ಒಟ್ಟಿಗೆ ಓಡುತ್ತವೆ. ಮಾತು ರೆಕಾರ್ಡ್ ಮಾಡುವವರಿಗೆ 1024ರ ಬಫರ್, ಅಂದರೆ ಸುಮಾರು 21 ಮಿಲಿಸೆಕೆಂಡ್ ತಡ, ಯಾವ ತೊಂದರೆಯನ್ನೂ ಮಾಡದು. ಅಲ್ಲಿಗೆ ಆ ಜಗಳ ಮುಗಿಯಿತು.

ಉಳಿದದ್ದಕ್ಕೆ ನಾವು ಒಂದು ಪರೀಕ್ಷೆ ಮಾಡಿದೆವು. ಏನೂ ಗೊತ್ತಿಲ್ಲದ ಪಕ್ಕದ ಮನೆ ಹುಡುಗನನ್ನು ಕೂರಿಸಿ, ರೆಕಾರ್ಡ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಡು ಅಂದೆವು. ಅಡಾಸಿಟಿಯಿಂದ ಅವನು ತಂದ ಒಂದೇ ಫೈಲ್ ಇನ್ನೊಂದು ಯಂತ್ರದಲ್ಲಿ ಹಾಡಿತು. ಆರ್ಡರಿನ ಫೋಲ್ಡರ್ ತೆರೆದು, ಒಳಗಿದ್ದ ಸಣ್ಣ ಸೆಷನ್ ಫೈಲನ್ನು ಮಾತ್ರ ಎತ್ತಿಕೊಂಡು ಬಂದ. ನಾವು ಅಂದು ಮಾಡಿದ ಹಾಗೇ! ಆರ್ಡರ್ ಪರ ಇದ್ದವಳು ಆಮೇಲೆ ಮಾತಾಡಲಿಲ್ಲ.

ಹಾಗಾಗಿ ಪರದೆಯ ಮೇಲೆ ಈಗ ಅಡಾಸಿಟಿ ಇದೆ. ಆರ್ಡರ್ ಮೆನುವಿನಲ್ಲಿದೆ, ಬೇಕಾದವರಿಗೆ ಎರಡನೇ ತಿಂಗಳಲ್ಲಿ. ಪಕ್ಕದಲ್ಲಿ ‘ಮೂಲ ದನಿ’ ಅನ್ನೋ ಫೋಲ್ಡರ್ ಇಟ್ಟಿದ್ದೇವೆ: ಕತ್ತರಿ ಹಾಕೋ ಮೊದಲು ವೇವ್ ಪ್ರತಿ ಅಲ್ಲಿಗೆ. ಡೀಫಾಲ್ಟ್ ಅಂದರೆ ಅತ್ಯುತ್ತಮವಾದದ್ದು ಅಂತ ನಾವು ತಿಳಿದಿದ್ದೆವು. ಏನೂ ಗೊತ್ತಿಲ್ಲದವರು ಒಬ್ಬರೇ ಕೂತಿದ್ದಾಗ ಕಮ್ಮಿ ಕಳೆದುಕೊಳ್ಳುವಂಥದ್ದು ಅಂತ ಈಗ ಅಂದುಕೊಂಡಿದ್ದೇವೆ.

ಐದೂ ಯಂತ್ರಗಳ ಸ್ಪೀಕರ್ ಪರೀಕ್ಷಿಸಲು ಏನಾದರೂ ದನಿ ಬೇಕಿತ್ತು. ಅಂದು ಊರಿಂದ ಬರುವಾಗ ಬಸ್ಸಿನಲ್ಲೇ ಎರಡು ನಿಮಿಷದ ತುಣುಕನ್ನು ಎಂಪಿ3 ಮಾಡಿ ಗೆಳತಿಗೆ ಕಳಿಸಿದ್ದೆವು, ಅದೊಂದು ಉಳಿದಿತ್ತು. ಹಾಕಿದೆವು. ಕಲ್ಲು ತಿರುಗಿತು, ಅಜ್ಜಿ ಹಾಡಿದರು, ಪದದ ನಡುವೆಯೇ ನಿಂತುಹೋಯಿತು. ಪಕ್ಕದ ಮನೆ ಹುಡುಗ ಕೇಳಿದ: ‘ಮುಂದಿನದು ಎಲ್ಲಣ್ಣ?’