ನಮ್ಮಪ್ಪನ ಗಂಟು

ಡಿಸೆಂಬರ್ ಕಾಲಿಟ್ಟರೆ ನಮ್ಮ ಆರ್.ಟಿ. ನಗರದಲ್ಲಿ ಅಟ್ಟದ ಮೇಲಿನ ಸೂಟ್‌ಕೇಸುಗಳು ಕೆಳಗಿಳಿಯುತ್ತವೆ. ನುಸಿಗುಳಿಗೆಯ ವಾಸನೆ ಅಕ್ಕಪಕ್ಕದ ಮೂರು ಮನೆಗೆ ಹಬ್ಬುತ್ತದೆ. ಹೊರಗೆ ಹದಿನೈದೋ ಹದಿನಾರೋ ಡಿಗ್ರಿ ಇದ್ದೀತು. ಅಷ್ಟಕ್ಕೇ ಹೆಬ್ಬಾಳ ಕೆರೆಯ ದಂಡೆಯಲ್ಲಿ ವಾಕಿಂಗ್ ಹೋಗುವ ಹಿರಿಯರು ಮಂಕಿ ಕ್ಯಾಪ್ ಎಳೆದುಕೊಂಡು ಸಿಯಾಚಿನ್‌ಗೆ ಹೊರಟವರಂತೆ ಕಾಣುತ್ತಾರೆ. ಬೆಂಗಳೂರು ನಿಜಕ್ಕೂ ನಡುಗಿದ್ದು 1884ರ ಜನವರಿ 13ರಂದು. ಅಂದು 7.8 ಡಿಗ್ರಿ. ಮುಂದೆ ಬಿನ್ನಿ ಮಿಲ್ ಅನ್ನಿಸಿಕೊಂಡ ಉಣ್ಣೆ, ಹತ್ತಿ, ರೇಷ್ಮೆಯ ಮಿಲ್ಲು ಹುಟ್ಟಿದ್ದೂ ಅದೇ 1884ರಲ್ಲಿ. ಚಳಿಗೆ ಹೆದರಿಯೇ ಮಿಲ್ಲು ಕಟ್ಟಿದರು ಎಂದು ನಾನು ವಾದಿಸುವುದಿಲ್ಲ. ಅಂದುಕೊಂಡು ಖುಷಿಪಡುವುದಕ್ಕೆ ಖರ್ಚಿಲ್ಲವಲ್ಲ!

ಈ ಸಲ ನನ್ನ ಮರೂನ್ ಸ್ವೆಟರ್ ಹೊರಗೆ ಬಂದಾಗ ಅದರ ಮೈಮೇಲೆ ಯಾರೋ ಎಳ್ಳು ಉದುರಿಸಿದಂತಿತ್ತು. ಮುಟ್ಟಿದರೆ ಎಳ್ಳಲ್ಲ, ಗಂಟು. ಇದಕ್ಕೆ ಕೆಲವರು ಉಂಡೆ ಎನ್ನುತ್ತಾರೆ, ಕೆಲವರು ಜುಂಗು. ನಮ್ಮ ಮನೆಯಲ್ಲಿ ಗಂಟು.

"ಇದನ್ನ ಹಾಕ್ಕೊಂಡು ನನ್ನ ಜೊತೆ ಬರಬೇಡಿ" ಎಂದಳು ಹೆಂಡತಿ.

"ನಿಮ್ಮಪ್ಪನ ಗಂಟೇನು ಹೋಯ್ತು?" ಎಂದೆ.

"ಸ್ವೆಟರ್ ಕೊಡಿಸಿದ್ದು ನಮ್ಮಪ್ಪ. ಗಂಟೂ ನಮ್ಮಪ್ಪಂದೇ."

ವಾದ ಅಲ್ಲಿಗೆ ಮುಗಿಯಿತು. ಮೆಜೆಸ್ಟಿಕ್ ಕಡೆ ಚಳಿಗಾಲದಲ್ಲಿ ಟಿಬೆಟಿಯನ್ನರು ಸಾಲಾಗಿ ಸ್ವೆಟರ್ ಹರಡಿ ಕೂರುತ್ತಾರಲ್ಲ, ಅಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಮಾವನವರು ತಂದದ್ದು ಅದು. ಅವರು ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲೇ ಬದುಕು ಕಳೆದವರು. ಬಟ್ಟೆಯನ್ನು ಕಣ್ಣಿನಿಂದ ನೋಡುವುದಿಲ್ಲ, ಹೆಬ್ಬೆರಳಿನಿಂದ ನೋಡುತ್ತಾರೆ. ಫೋನ್ ಮಾಡಿ ಕೇಳಿದೆ: ಇಷ್ಟು ಗಂಟು ಎಲ್ಲಿಂದ ಬಂತು?

"ಉಜ್ಜಿದ ಕಡೆ ಬರುತ್ತೆ" ಎಂದರು. ನೋಡಿದರೆ ನಿಜ. ಕಂಕುಳಲ್ಲಿ, ಮುಂಗೈಯಲ್ಲಿ, ಬ್ಯಾಗಿನ ಪಟ್ಟಿ ಕೂರುವ ಎಡ ಭುಜದಲ್ಲೇ ಹೆಚ್ಚು. ಉಜ್ಜಾಟಕ್ಕೆ ಗಿಡ್ಡ ಎಳೆಗಳು ನೂಲಿನಿಂದ ಹೊರಗೆ ತಲೆಹಾಕುತ್ತವೆ, ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವೆ. ಉಣ್ಣೆಯಲ್ಲೂ ಹೀಗಾಗುತ್ತದೆ, ಆದರೆ ಉಣ್ಣೆಯ ಎಳೆ ಬಡಪಾಯಿ. ಕೆಲವು ದಿನಕ್ಕೆ ತುಂಡಾಗಿ ಗಂಟು ತಾನೇ ಉದುರುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಎಳೆ ಹಾಗಲ್ಲ. ಉಡದಂತೆ ಗಟ್ಟಿ. ಬುಡ ಬಿಡುವುದಿಲ್ಲ, ಗಂಟೂ ಬೀಳುವುದಿಲ್ಲ. ಗಟ್ಟಿ ಬಾಳಿಕೆ ಬರುತ್ತದೆ ಎಂದು ನಾವು ಮೆಚ್ಚಿ ತಂದ ಗುಣವೇ ನಮ್ಮ ಮಾನ ಕಳೆಯುತ್ತದೆ. ಅಜ್ಜಿಯ ಕರಿ ಕಂಬಳಿ ಹೊದ್ದು ಬೆಳೆದವನು ನಾನು. ಅದು ಮೈಯೆಲ್ಲ ಚುಚ್ಚುತ್ತಿತ್ತು ನಿಜ, ಆದರೆ ಕಂಬಳಿಯಲ್ಲಿ ಕೂದಲು ಆರಿಸುವ ಹುಚ್ಚು ಯಾರಿಗಿತ್ತು?

ಮಿಲ್ಲುಗಳಲ್ಲಿ ಹತ್ತಿ ಬಟ್ಟೆಯ ನವಿರು ತೆಗೆಯುವುದಕ್ಕೆ ಅದನ್ನು ಬೆಂಕಿಯ ಜ್ವಾಲೆಯ ಮೇಲೆ ಸರ್ರನೆ ಓಡಿಸುತ್ತಾರಂತೆ. ಪುಕ್ಕ ಕಿತ್ತ ಕೋಳಿಯನ್ನು ಉರಿಗೆ ಹಿಡಿದ ಹಾಗೆ. ಬಟ್ಟೆ ಸುಡುವಷ್ಟು ಹೊತ್ತು ನಿಲ್ಲುವುದಿಲ್ಲ, ನವಿರು ಮಾತ್ರ ಮಾಯ. ಇದನ್ನು ಕೇಳಿ ನಾನು ಗ್ಯಾಸ್ ಒಲೆಯ ಕಡೆ ನೋಡಿದೆ. ಅಕ್ರಿಲಿಕ್ ಕರಗಿ ಅಂಟುವ ಜಾತಿ ಎಂದು ಮಾವನವರು ಫೋನಿನಲ್ಲೇ ಕೂಗಿದ್ದು ಒಳ್ಳೆಯದಾಯಿತು.

ಮೊದಲು ಕೈಯಿಂದಲೇ ಕಿತ್ತೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಾಗ ಇದಕ್ಕಿಂತ ಒಳ್ಳೆಯ ಧ್ಯಾನ ಇಲ್ಲ. ಇಳಿಯುವಷ್ಟರಲ್ಲಿ ಒಂದು ತೋಳು ಮುಗಿದಿತ್ತು. ಆದರೆ ಕಿತ್ತರೆ ಒಳಗಿನ ಎಳೆಯೂ ಹೊರಬಂದು ನಾಳೆಯ ಗಂಟಿಗೆ ಬೀಜವಾಗುತ್ತದೆ, ಕೀಳಬಾರದು, ಕತ್ತರಿಸಬೇಕು. ಬೀದಿ ಮೂಲೆಯ ಮರದಡಿ ಗಾಡಿ ನಿಲ್ಲಿಸಿಕೊಂಡ ಇಸ್ತ್ರಿಯವರನ್ನು ಕೇಳಿದರೆ, "ಪೆಟ್ಟಿಗೆ ಹಾಕಿದ್ರೆ ಹೋಗಲ್ಲ ಸಾರ್, ಶೇವಿಂಗ್ ಮಾಡ್ಸಿ" ಎಂದು ನಕ್ಕರು.

ಶೇವಿಂಗ್! ಇದಕ್ಕೆಂದೇ ಬ್ಯಾಟರಿಯ ಯಂತ್ರ ಬರುತ್ತದೆ, ನೂರಾರು ರೂಪಾಯಿ. ನಮ್ಮ ಬಚ್ಚಲಿನಲ್ಲಿ ಬಿದ್ದಿದ್ದ ಬಳಸಿ ಬಿಸಾಡುವ ರೇಜರ್ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಅಲಗಿನ ಪಕ್ಕ ಜಾರುಪಟ್ಟಿ ಇಲ್ಲದ್ದು ಆಗಬೇಕು, ಇಲ್ಲದಿದ್ದರೆ ಅದರ ಜಿಡ್ಡು ಬಟ್ಟೆಗೆ. ಬಟ್ಟೆ ಒಣಗಿರಬೇಕು, ಊಟದ ಮೇಜಿನ ಮೇಲೆ ಒಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿದಿರಬೇಕು, ರೇಜರ್ ನವಿಲುಗರಿ ಸವರಿದಷ್ಟು ಹಗುರವಾಗಿ ಒಂದೇ ದಿಕ್ಕಿಗೆ ಹೋಗಬೇಕು. ಹೊಲಿಗೆಯ ಹತ್ತಿರ ಸುಳಿಯಬಾರದು. ಉದುರಿದ್ದನ್ನು ಸೆಲ್ಲೋಟೇಪ್ ತಿರುಗಾಮುರುಗಾ ಕೈಗೆ ಸುತ್ತಿಕೊಂಡು ಒತ್ತಿ ಎತ್ತುವುದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಒದ್ದೆ ಮಾಡಿ ಸವರಿದರೂ ಸರಿ. ಒಗೆಯುವಾಗ ಒಳಮೈ ಹೊರಗೆ ಮಾಡಿ ಹಾಕಿದರೆ ಉಜ್ಜಾಟವೆಲ್ಲ ಕಾಣದ ಬದಿಗೆ.

ಕಪ್ಪು ಪ್ಯಾಂಟಿನ ಮೇಲಿನ ಬಿಳಿ ಧೂಳಿನ ಕಥೆ ಬೇರೆ. ಅದು ಪ್ಯಾಂಟಿನ ತಪ್ಪೇ ಅಲ್ಲ, ಜೊತೆಯಲ್ಲಿ ಮಿಷನ್‌ಗೆ ಹೊಕ್ಕ ಟವಲಿನದು. ಇನ್ನು ದರ್ಶಿನಿಯಲ್ಲಿ ಕೈ ಒರೆಸಿ ಜೇಬಿಗೆ ಹಾಕಿಕೊಂಡ ಪೇಪರ್ ನ್ಯಾಪ್ಕಿನ್ ಇದ್ದರಂತೂ ಆ ವಾರದ ಒಗೆತವೆಲ್ಲ ಹಿಮಾಲಯ.

ಎದೆಯ ಭಾಗ ಮುಗಿಯುವ ಹೊತ್ತಿಗೆ ನಾನು ಪಳಗಿಬಿಟ್ಟಿದ್ದೆ. ಪಳಗಿದವನಿಗೇ ಅಪಾಯ. ಬಲ ಮುಂಗೈಯಲ್ಲಿ ಒಂದು ಮೊಂಡು ಗಂಟಿತ್ತು. ಒಂದಿಷ್ಟು ಒತ್ತಿದೆ. ಗಂಟು ಹೋಯಿತು. ಅದು ಕೂತಿದ್ದ ಜಾಗವೂ ಹೋಯಿತು. ತೂತಿನಲ್ಲಿ ಮೇಜಿನ ಸನ್‌ಮೈಕಾ ಕಂಡಿತು.

ಸಂಕ್ರಾಂತಿಗೆ ಮಾವನವರು ದೊಡ್ಡಬಳ್ಳಾಪುರದಲ್ಲಿ ಬಸ್ ಹತ್ತುತ್ತಾರೆ. ಯಲಹಂಕ ದಾಟಿದ ಕೂಡಲೇ ಫೋನ್ ಮಾಡುತ್ತಾರೆ, ಹೆಬ್ಬಾಳದಲ್ಲಿ ನಾನು ಕಾದಿರಬೇಕು, ಸ್ವೆಟರ್ ಹಾಕಿಕೊಂಡೇ. ಕೈ ಹಿಡಿದ ತಕ್ಷಣ ಅವರ ಹೆಬ್ಬೆರಳು ಮುಂಗೈಗೇ ಹೋಗುವುದು. ಅದಕ್ಕೇ ನಾಲ್ಕು ದಿನದಿಂದ ಬೆಳಿಗ್ಗೆ ಆರಕ್ಕೆ ಕೆರೆ ದಂಡೆಯಲ್ಲಿ, ಮಂಕಿ ಕ್ಯಾಪುಗಳ ನಡುವೆ, ನಾನೊಬ್ಬನೇ ತೋಳು ಮಡಚಿಕೊಂಡು ನಡೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ.