ಟೊಂಕದ ಮರಳು

ಬೆಂಗಳೂರಿನ ವಿಮಾನಪುರದವರು ಕಡಲಿಗೆ ಹೋಗುವುದು ಕಿವಿಗೆ ಬಿಡುವು ಕೊಡಲು. 2008ರಲ್ಲಿ ಪ್ರಯಾಣಿಕರ ವಿಮಾನಗಳೇನೋ ದೇವನಹಳ್ಳಿಗೆ ಹೋದವು, ಆದರೆ ಎಚ್‌ಎಎಲ್ ವಿಮಾನಗಳ ಗುಡುಗು ನಿಂತಿಲ್ಲ. ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಹೊನ್ನಾವರದಲ್ಲಿಳಿದು, ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಹೋದೆ.

ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು 33 ಮಾನದಂಡ ನೋಡಿ ಕೊಡುವ ಮಾನ್ಯತೆ ಅದು. ಬೀಚು ಚೊಕ್ಕಟವಾಗಿದೆ, ಅದರಲ್ಲಿ ತಕರಾರಿಲ್ಲ. ಬಾವುಟದ ಕೆಳಗೆ ಫೋಟೊಕ್ಕೆ ನಿಂತ ನಮ್ಮ ಬೆಂಗಳೂರಿನದೇ ಒಂದು ಗುಂಪು ಚಿಪ್ಸ್ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋಯಿತು. ಇವರಿಗೂ ಒಂದು ಮಾನದಂಡ ಇಡಬೇಕಿತ್ತು.

ಮರಳ ಮೇಲೇ ಉತ್ತರಕ್ಕೆ ನಡೆದರೆ ಅಳಿವೆಯ ಬಳಿ ಟೊಂಕ. ಕಡಲಾಮೆಗಳು ಮೊಟ್ಟೆಯಿಡುವ ಈ ದಂಡೆಯಲ್ಲೇ ಖಾಸಗಿ ವಾಣಿಜ್ಯ ಬಂದರಿನ ಯೋಜನೆ ಇದೆ. 2022ರಿಂದೀಚೆಗೆ ಬಂದರಿನ ರಸ್ತೆ ಕೆಲಸದವರ ಹಿಂದೆಯೇ ಪೊಲೀಸರೂ ಬಂದಿದ್ದಾರೆ, ಎದುರು ನಿಂತವರಲ್ಲಿ ಹೆಂಗಸರೇ ಮುಂದು.

ಅಂಥ ಒಬ್ಬರು ಬಲೆ ಹಾಸಿ ಸಿಗಡಿ ಒಣಗಿಸುತ್ತಿದ್ದರು. ಬಂದರಿನ ಮಾತೆತ್ತಿದೆ.

"ನೀವು ಪೇಪರಿನವರಾ?"

"ಅಲ್ಲ ಅಕ್ಕಾ, ಸುಮ್ಮನೆ ಬಂದವನು."

"ಸುಮ್ಮನೆ ಬಂದವ್ರೇ ಎಲ್ಲಾ." ನಕ್ಕರು. ಕೈ ಮಾತ್ರ ನಿಲ್ಲಲಿಲ್ಲ, ಸಿಗಡಿ ಮಗುಚುತ್ತಲೇ ಇತ್ತು. "ಹಡಗು ಬರ್ಲಿ ತಮಾ, ಬೇಡ ಅಂದವ್ರ್ಯಾರು? ನಮ್ಮ ಮೀನು ಎಲ್ಲಿ ಒಣಗ್ಸೂದು, ಅದನ್ನ ಹೇಳ್ಲಿ."

ಬಂದರುಗಳು ಹೇಗಿರಬೇಕು ಎಂದು ಹೇಳಲು ಕೇಂದ್ರ ಸರ್ಕಾರ 2023ರಲ್ಲಿ 'ಹರಿತ್ ಸಾಗರ್' ಎಂಬ ಹಸಿರು ಬಂದರು ಮಾರ್ಗಸೂಚಿ ತಂದಿದೆ. ನಿಂತ ಹಡಗಿಗೆ ದಡದಿಂದ ವಿದ್ಯುತ್ ಕೊಡಿ, ಟನ್ ಸರಕಿಗೆ ಇಂಗಾಲ ಎಷ್ಟೆಂದು ಲೆಕ್ಕವಿಡಿ ಎನ್ನುತ್ತದೆ. ಪಣಂಬೂರಿಗೆ ಇದು ಒಳ್ಳೆಯ ಮಾತೇ. ಅಲ್ಲಿ ದಂಡೆಯ ಒಳಗೇ ಅಗೆದು ಮಾಡಿದ ಬಂದರು 1970ರ ದಶಕದಿಂದ ನಿಂತಿದೆ, ಇದ್ದದ್ದನ್ನು ಹಸಿರು ಮಾಡಲಿ. ಟೊಂಕದಲ್ಲಿ ಮೊದಲು ಕೇಳಬೇಕಾದದ್ದು ಬಂದರು ಎಲ್ಲಿ ಎಂಬುದನ್ನು. ಅಳಿವೆಯ ಮರಳು ಒಂದೆಡೆ ನಿಲ್ಲುವುದಲ್ಲ, ಹೂಳಿಗೆ ಸಿಕ್ಕಿ ದೋಣಿಗಳು ಮಗುಚುತ್ತವೆ. ಕಡಲಿಗೆ ಕಲ್ಲಿನ ತಡೆಗೋಡೆ ಚಾಚಿದರೆ ದಂಡೆಗುಂಟ ಸರಿಯುವ ಮರಳು ಒಂದು ಬದಿಗೆ ಕೂಡುತ್ತದೆ, ಇನ್ನೊಂದು ಬದಿ ಕೊರೆಯುತ್ತದೆ. ಕೊರೆತ ಮನೆಬಾಗಿಲಿಗೆ ಬಂದರೆ ಏನಾಗುತ್ತದೆ ಎಂದು ಉಳ್ಳಾಲದವರನ್ನು ಕೇಳಬೇಕು. ಅಂಥ ಕಡೆ ಸೋಲಾರ್ ಹಾಕಿ, ಗಿಡ ನೆಟ್ಟು ಹಸಿರು ಎನ್ನುವುದು ಸುಣ್ಣ ಬಳಿದ ಹಾಗೆ.

ಒಣಸಿಗಡಿಗೆ ರೇಟು ಕೇಳಿದೆ. ನಮ್ಮ ಹಲಸೂರು ಮಾರ್ಕೆಟ್ಟಿಗಿಂತ ಅಗ್ಗ, ಆದರೂ ಅಭ್ಯಾಸಬಲದಿಂದ ಚೌಕಾಸಿಗೆ ಇಳಿದೆ. ಅವರು ಬಗ್ಗಲಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಹಸಿಮೀನು ತುಟ್ಟಿಯಾಗುವ ಆ ಮಳೆಗಾಲಕ್ಕೆಂದೇ ಇವರು ಇಷ್ಟು ಬಿಸಿಲು ತಿನ್ನುವುದು.

"ಅರ್ಧ ಕಿಲೋ ಸಾಕಾ?" ಎಂದರು, ತಕ್ಕಡಿ ಎತ್ತುತ್ತ. "ಒಂದು ಕಿಲೋ ತಕೊಂಡ್ಹೋಗಿ. ಮಳೆ ಬಿದ್ಮೇಲೆ ಈ ರೇಟಿಗೆ ನಾನೇ ಕೊಡೂದಿಲ್ಲ."