ಸೊನ್ನೆ ಬಿತ್ತು

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡಯಲಿನ ಮೇಲೆ ಎಳೆದೆ, ಕಪ್ಪು ಬಂತು. ಇಷ್ಟು ವರ್ಷದ ಬೀಡಿ ಹೊಗೆ, ಬೆಸುಗೆಯ ರಾಳ, ಮೈಸೂರು ರಸ್ತೆಯ ಧೂಳು ಎಂದುಕೊಂಡು ಇನ್ನೊಂದು ಸಲ ಒತ್ತಿ ಎಳೆದೆ. ಮೂರನೆಯ ಸಲಕ್ಕೆ ಡಯಲು ಬೆಳ್ಳಗಾಯಿತು. ಅಂಕಿಗಳು ನಿನ್ನೆ ಅಚ್ಚು ಹಾಕಿದಂತೆ ಎದ್ದು ಕಂಡವು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿ ಹತ್ತಿಯನ್ನು ಎಸೆಯಹೋದಾಗ ಆ ಕಪ್ಪಿನೊಳಗೊಂದು ಬೂದು ಹೊಳಪು ಕಂಡಿತು. ಕೊಳೆ ಹಾಗೆ ಹೊಳೆಯುವುದಿಲ್ಲ. ಅದು ಪೆನ್ಸಿಲ್ಲು. ಮಾವ ಹಾಕಿಟ್ಟಿದ್ದ ಗೆರೆಗಳು.

ನಾಲ್ಕಿದ್ದವು. ಮೂರು ಹತ್ತಿಗೆ ಹೋದವು. ನಾಲ್ಕನೆಯದು ಮುಳ್ಳಿನ ಅಡಿಗೆ ಸಿಕ್ಕಿಕೊಂಡಿದ್ದರಿಂದ ಉಳಿಯಿತು. ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ '86' ಎಂದು ಬರೆದಿತ್ತು.

ಊರು ದೊಡ್ಡಮಳೂರು. ಚನ್ನಪಟ್ಟಣ ದಾಟಿ ಮದ್ದೂರಿನ ಕಡೆ ಹೊರಟವರಿಗೆ ಅಪ್ರಮೇಯಸ್ವಾಮಿ ಗುಡಿಯ ಊರು ಎಂದರೆ ತಿಳಿಯುತ್ತದೆ. ಗುಡಿಯೊಳಗೆ ಬೆಣ್ಣೆ ಹಿಡಿದು ಅಂಬೆಗಾಲಿಡುವ ನವನೀತಕೃಷ್ಣ ಇದ್ದಾನೆ. ಮಕ್ಕಳಿಲ್ಲದವರು ಅವನಿಗೆ ತೊಟ್ಟಿಲ ಹರಕೆ ಹೊರುತ್ತಾರೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಕೂಸನ್ನು ನೋಡಿಯೇ ಎಂಬುದು ನಮ್ಮ ಕಡೆಯ ನಂಬಿಕೆ. ಆ ಹಾಡು ರೇಡಿಯೊದಲ್ಲಿ ಬಂದರೆ ಮಾವ ಕೈಯಲ್ಲಿದ್ದ ಕೆಲಸ ಬಿಟ್ಟು ವಾಲ್ಯೂಮು ಏರಿಸುವರು. "ನಮ್ಮೂರ ಹುಡುಗನ ಹಾಡು ಬಂತು ನೋಡೋ."

ಬೆಂಗಳೂರಿಗೆ 60 ಕಿಲೋಮೀಟರು, ಮೈಸೂರಿಗೆ ಅದಕ್ಕಿಂತ ಒಂದಿಷ್ಟು ಹೆಚ್ಚು. ಎರಡೂರಿನ ನಡುವೆ ಕೂತ ರೇಡಿಯೊ ರಿಪೇರಿಯವರಿಗೆ ಇದೊಂದು ಹೆಮ್ಮೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮನೆಯಲ್ಲಿ ಆಕಾಶವಾಣಿ ಕಟ್ಟಿದ್ದು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಗಿದ್ದು ಎರಡನ್ನೂ ಮಾವ ಮನೆಯ ಸಮಾಚಾರದಂತೆ ಹೇಳುವರು. "ಹೋಗುವಾಗ ನಮ್ಮನೆ ಮುಂದೇನೇ ಹೋಗಿರಬೇಕು. ಬೇರೆ ರಸ್ತೆ ಎಲ್ಲಿತ್ತು?" ಈಗ ಬೇರೆ ರಸ್ತೆ ಇದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಮೈಸೂರಿಗೆ ಹೋಗುವವರು ಚನ್ನಪಟ್ಟಣದ ಮುಖ ನೋಡದೆ ಹೋಗುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಕೂತರೆ ಹಳೆಯ ರಸ್ತೆಯಲ್ಲಿ ಒಂದು ಬಸ್ಸು ಹೋಗಿ ಇನ್ನೊಂದು ಬರುವ ತನಕ ಕಾಗೆ ಕೂಗಿದ್ದು ಕೇಳುತ್ತದೆ.

ಆ ಮುಂದಿನ ಕೋಣೆಯೇ ಮಾವನ ಅಂಗಡಿ. ಮರ್ಫಿ, ಬುಷ್, ಫಿಲಿಪ್ಸ್, ನ್ಯಾಷನಲ್ ಎಕೋ ಎಲ್ಲ ಬೆನ್ನು ಬಿಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದವು. ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಬೇಕಿದ್ದ ಕಾಲ. ಹಿಪ್ಪುನೇರಳೆ ಬೆಳೆಯುವವರು, ಬೊಂಬೆ ಕಡೆಯುವವರು, ಒಮ್ಮೊಮ್ಮೆ ಮದ್ದೂರಿನ ಕಡೆಯವರು ಸೆಟ್ಟನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬರುವರು. ಕಾಯಿಲೆಯನ್ನೂ ಹಾಗೇ ಹೇಳುವರು. "ರಾತ್ರಿಯೆಲ್ಲ ಕೊರಗುಟ್ಟುತ್ತೆ ಸ್ವಾಮಿ."

ಆ ಕೋಣೆಯಲ್ಲಿ ಬೆಲೆಬಾಳುವುದು ಎಂದರೆ ಎರಡೇ. ಎರಡನ್ನೂ ಮಾವ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡಿದ್ದರು. ಒಂದು, ಆವೋ ಮೀಟರು, ಎಂಟನೆಯ ಮಾದರಿ. ಆಂಪ್ಸ್, ವೋಲ್ಟ್ಸ್, ಓಮ್ಸ್ ಮೂರೂ ಅಳೆಯುವುದರಿಂದ ಆ ಹೆಸರು. 1951ರಲ್ಲಿ ಇಂಗ್ಲೆಂಡಿನವರು ತಂದ ಈ ಮಾದರಿ 2008ರ ತನಕ ತಯಾರಾಯಿತು ಎಂದರೆ ಅದರ ಜೀವ ಎಷ್ಟು ಗಟ್ಟಿ ನೋಡಿ. ಮುಳ್ಳಿನ ಕೆಳಗೆ ಒಂದು ಕನ್ನಡಿಪಟ್ಟಿ. ಮುಳ್ಳು ಮತ್ತು ಅದರ ಬಿಂಬ ಒಂದಾಗುವಂತೆ ಕಣ್ಣಿಟ್ಟು ಓದಬೇಕು, ಇಲ್ಲದಿದ್ದರೆ ಲೆಕ್ಕ ಓರೆಯಾಗುತ್ತದೆ. ತಪ್ಪು ಜಾಗಕ್ಕೆ ಕಡ್ಡಿ ಮುಟ್ಟಿಸಿದರೆ ಟಪ್ ಎಂದು ಗುಂಡಿ ಮೇಲೆ ಹಾರಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಆ ಟಪ್ ಸದ್ದಿಗೆ ಮಾವ ನನ್ನ ತಲೆಗೊಂದು ಮೊಟಕುತ್ತಿದ್ದರು.

ಇನ್ನೊಂದು, ಆಸಿಲೇಟರು. ಪುಸ್ತಕದಲ್ಲಿ ಅದಕ್ಕೆ ಸಿಗ್ನಲ್ ಜನರೇಟರ್ ಎನ್ನುತ್ತಾರೆ. ರೇಡಿಯೊ ಕೇಳಿಸಿಕೊಳ್ಳುವ ಯಂತ್ರವಾದರೆ ಇದು ಕೂಗುವ ಯಂತ್ರ, ಮೇಜಿನ ಮೇಲಿಡುವಷ್ಟು ಚಿಕ್ಕ ನಿಲಯ. ಬೇಕಾದ ಆವರ್ತನಕ್ಕೆ ಮುಳ್ಳು ತಿರುಗಿಸಿದರೆ 400 ಸೈಕಲ್ಲಿನ ಒಂದೇ ಶ್ರುತಿಯಲ್ಲಿ ಕೂಂ ಎನ್ನುತ್ತದೆ. ರೇಡಿಯೊದ ಹೊಟ್ಟೆಯಲ್ಲಿ ಎಲ್ಲ ನಿಲಯಗಳೂ ಒಂದೇ ಆವರ್ತನಕ್ಕೆ ಇಳಿಯಬೇಕು, ಹೆಚ್ಚಿನ ಸೆಟ್ಟುಗಳಲ್ಲಿ ಅದು 455 ಕಿಲೋಸೈಕಲ್. ಆ ಆವರ್ತನವನ್ನು ಹಿಡಿಯುವ ಒಳಗಿನ ಸುರುಳಿಗಳು, ಐ.ಎಫ್.ಟಿ.ಗಳು, ಅಲ್ಲಿಂದ ಜರುಗಿದರೆ ನಿಲಯಗಳು ಒಂದರ ಮೇಲೊಂದು ಬೀಳುತ್ತವೆ. ಆಸಿಲೇಟರಿನಿಂದ 455 ಕೊಟ್ಟು, ಆವೋ ಮುಳ್ಳು ಮೇಲೇರಿ ನಿಲ್ಲುವ ತನಕ ಅವುಗಳ ತಿರುಪು ತಿರುಗಿಸುವುದೇ ಅಲೈನ್ಮೆಂಟು.

ಎಲ್ಲ ರೇಡಿಯೊಗಳನ್ನು ತಿದ್ದುವ ಆಸಿಲೇಟರೇ ತಪ್ಪು ಹೇಳಿದರೆ? ಹೇಳುತ್ತಿತ್ತು. ಹಳೆಯ ವಾಲ್ವು, ಹಳೆಯ ಕಾಯಿಲು. ಡಯಲಿನ ಅಂಕಿಗೂ ಹೊರಗೆ ಬರುವುದಕ್ಕೂ ವರ್ಷದಿಂದ ವರ್ಷಕ್ಕೆ ನಂಟು ಸಡಿಲ. ಅದನ್ನು ತಿದ್ದಿಸಲು ದೊಡ್ಡ ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋಗುವ ತ್ರಾಣ ಮಾವನಿಗಿರಲಿಲ್ಲ. ಅವರು ಪ್ರಯೋಗಾಲಯವನ್ನೇ ಆಕಾಶದಿಂದ ಇಳಿಸಿಕೊಂಡರು.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಪ್ರಸಾರ ಕೇಂದ್ರದವರು ಅದನ್ನು ಹತ್ತು ಹರ್ಟ್ಸ್ ಕೂಡ ಆಚೀಚೆ ಬಿಡುವಂತಿಲ್ಲ, ಅಂತರರಾಷ್ಟ್ರೀಯ ಕಟ್ಟುಪಾಡು. "ಅವರು ಹರಳನ್ನು ಬೆಚ್ಚಗಿನ ಡಬ್ಬಿಯಲ್ಲಿಟ್ಟು ಸಾಕ್ತಾರೆ, ನಮಗೆ ಪುಕ್ಕಟೆ" ಎನ್ನುವರು ಮಾವ. ಬೆಳಗ್ಗೆ ಆರಕ್ಕೆ ಮುಂಚೆ ಎದ್ದು, ಮುಖ ತೊಳೆದು, ರೇಡಿಯೊವನ್ನು 612ಕ್ಕೆ ಇಟ್ಟು ಕಾಯುವರು. ವಾಲ್ಟರ್ ಕೌಫ್‌ಮನ್ ಮಾಡಿದ ಆ ಪಿಟೀಲಿನ ರಾಗ ಬರುವ ಮುಂಚೆ, ಮಾತೂ ಇಲ್ಲದ ಸಂಗೀತವೂ ಇಲ್ಲದ ಕೆಲವು ಗಳಿಗೆ ಇರುತ್ತವೆ. ಬರಿಯ ಅಲೆ ಮಾತ್ರ ಬಂದು ನಿಂತಿರುತ್ತದೆ. ಖಾಲಿ ಗಾಳಿಯ ಕರಕರ ತಟ್ಟನೆ ಅಡಗಿ, ತುಂಬಿದ ಕೊಡದಂಥ ಮೌನ. ಆಗ ಆಸಿಲೇಟರಿನ ಕೂಂ ಆರಿಸಿ, ಅದರ ತಂತಿಯನ್ನು ಏರಿಯಲ್ಲಿನ ಹತ್ತಿರ ತಂದು ಮುಳ್ಳು ಸರಿಸಿದರೆ ಎರಡು ಅಲೆಗಳ ನಡುವಿನ ಅಂತರ ಸಿಳ್ಳೆಯಾಗಿ ಕೇಳುತ್ತದೆ. ಹತ್ತಿರ ಹೋದಂತೆ ಸಿಳ್ಳೆ ಇಳಿಯುತ್ತದೆ, ಗೊಗ್ಗರಾಗುತ್ತದೆ, ದೂರದ ಬುಲೆಟ್ ಗಾಡಿಯಂತೆ ಡಬ್ ಡಬ್ ಎಂದು ನಿಧಾನವಾಗಿ, ನಿಂತೇ ಹೋಗುತ್ತದೆ. ಎರಡೂ ಒಂದೇ. ಅಂತರ ಸೊನ್ನೆ.

"ಸೊನ್ನೆ ಬಿತ್ತು" ಎಂದು ಮಾವ ಒಳಗೆ ಕೇಳುವಂತೆ ಕೂಗುವರು. ಅಡುಗೆಮನೆಯಲ್ಲಿ ಅತ್ತೆ ಆಗ ಕಾಫಿ ಸೋಸುವರು. ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ.

ಮುಳ್ಳು ಅಚ್ಚಿನ ಅಂಕಿಯಿಂದ ಜರುಗಿ ನಿಂತರೆ ಮಾವ ಡಯಲನ್ನು ಬೈಯುತ್ತಿರಲಿಲ್ಲ. ನಿಂತ ಕಡೆ ಗೆರೆ ಎಳೆದು ಇಸವಿ ಬರೆಯುವರು, 455ರ ಹತ್ತಿರವೂ ಅದೇ ಅಂದಾಜಿಗೆ ಲೆಕ್ಕ ಇಟ್ಟುಕೊಳ್ಳುವರು. ಮೊದಲನೆಯದು ಕೊಂಡು ತಂದ ವರ್ಷದ್ದು. ಎರಡನೆಯದು ಇಂಗ್ಲೆಂಡಿನ ವಾಲ್ವು ಸುಟ್ಟು ಜಾಲಹಳ್ಳಿಯ ಬಿ.ಇ.ಎಲ್. ವಾಲ್ವು ಹಾಕಿದಾಗಿನದು. ಮೂರನೆಯದು ತೇರಿನ ದಿನ ಮೈಕ್‌ಸೆಟ್ಟು ಎಳೆದಾಡುವ ಗಡಿಬಿಡಿಯಲ್ಲಿ ಆಸಿಲೇಟರು ಮೇಜಿನಿಂದ ಬಿದ್ದದ್ದು. ಬೀಳಿಸಿದ್ದು ನಾನು. ಮಾವ ಬೈಯಲಿಲ್ಲ, ಮರುದಿನ ಬೆಳಗ್ಗೆ ಸೊನ್ನೆ ನೋಡಿ, ಹೊಸ ಗೆರೆ ಎಳೆದು, "ಇದು ನಿಂದು" ಎಂದರು. ನನ್ನದನ್ನೂ ನಾನೇ ಒರೆಸಿದೆ. 86 ಆದಮೇಲೆ ಗೆರೆ ಇಲ್ಲ. ಟೇಪ್‌ರೆಕಾರ್ಡರು ಬಂದಿತ್ತು, ಟೀವಿ ಬಂದಿತ್ತು. ವಾಲ್ವು ರೇಡಿಯೊಗಳು ಅಟ್ಟ ಸೇರಿದವು. ಮಾವನೂ ಹೋದರು.

ಹೋದ ವರ್ಷ ಅತ್ತೆ ಫೋನು ಮಾಡಿದರು. "ಗುಜರಿಯವನು ಬಾಗಿಲಲ್ಲಿ ನಿಂತಿದ್ದಾನೆ. ಕೊಡಲೋ, ನೀನು ಬರ್ತೀಯೋ?" ನಿವೃತ್ತನಾದವನಿಗೆ ಬೇರೇನು ಕೆಲಸ? ಬಂದೆ.

ಗೋಣಿಚೀಲದಿಂದ ತೆಗೆದ ಆಸಿಲೇಟರಿಗೆ ನೇರ ಕರೆಂಟು ಕೊಡುವ ತಪ್ಪು ಮಾಡಲಿಲ್ಲ, ಅಷ್ಟು ಕಲಿಸಿದ್ದರು. 60 ವ್ಯಾಟಿನ ಬಲ್ಬನ್ನು ಸೀರೀಸಿಗೆ ಹಾಕಿ ಕೊಟ್ಟೆ. ಬಲ್ಬು ಭಗ್ಗನೆ ಉರಿದು, ಪೆಟ್ಟಿಗೆಯಿಂದ ಕೊಳೆತ ಮೂಲಂಗಿಯ ನಾತ ಬಂತು. ಸೆಲೆನಿಯಂ ರೆಕ್ಟಿಫೈಯರು. ಅದರ ಜಾಗಕ್ಕೆ ಗೋಧಿ ಕಾಳಿನಷ್ಟಿರುವ ಸಿಲಿಕಾನ್ ಡಯೋಡು ಬಂತು. ಹೊಸದು ವೋಲ್ಟೇಜನ್ನು ಹಳೆಯದಕ್ಕಿಂತ ಧಾರಾಳವಾಗಿ ಬಿಡುವುದರಿಂದ ಮುಂದೊಂದು ರೆಸಿಸ್ಟರು ಇಟ್ಟು ತಡೆದೆ. ಮೇಣದ ಕಾಗದದ ಕಂಡೆನ್ಸರುಗಳು ಒಂದೂ ಬಿಡದೆ ಸೋರುತ್ತಿದ್ದವು. ಎರಡು ಪಿನ್ನಿನ ಬಟ್ಟೆ ಸುತ್ತಿದ ವಯರನ್ನು ಕಿತ್ತು ಮೂರು ಪಿನ್ನಿನದು, ಫ್ಯೂಸು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದು ಪೆಟ್ಟಿಗೆ ಒಡೆಯದ ಹಳೆಯ ವಾಲ್ವು ಸಂಪಾದಿಸಿದೆ. ಮುಟ್ಟದೆ ಬಿಟ್ಟಿದ್ದು ಟ್ರಿಮ್ಮರುಗಳನ್ನು ಮಾತ್ರ. ಅವು ಅಲುಗದಂತೆ ಮಾವ ಬೊಂಬೆಯವರ ಕೆಂಪು ಅರಗು ಕರಗಿಸಿ ಮೊಹರು ಹಾಕಿದ್ದರು, ಅದನ್ನು ಒಡೆಯಲು ಕೈ ಬರಲಿಲ್ಲ.

ಆವೋ ಇನ್ನೂ ಗಟ್ಟಿಯಾಗಿತ್ತು. ದೊಡ್ಡ ಓಮು ಅಳೆಯಲು ಅದಕ್ಕೆ 15 ವೋಲ್ಟಿನ ಬ್ಯಾಟರಿ ಬೇಕು, ಸುತ್ತಮುತ್ತ ಎಲ್ಲೂ ಸಿಗಲಿಲ್ಲ. ಗುಂಡಿ ಸೆಲ್ಲುಗಳನ್ನು ಐದು, ಕೊಳವೆಯಲ್ಲಿ ಒಂದರ ಮೇಲೊಂದು ಪೇರಿಸಿ ಒಪ್ಪಿಸಿದೆ.

ಆಸಿಲೇಟರಿನ ಒಂದು ಬಿರಡೆ ಒಡೆದಿತ್ತು. ಬೊಂಬೆಯ ಊರಿನಲ್ಲಿ ಬಿರಡೆಗೇನು ಬರ ಎಂದು ಚನ್ನಪಟ್ಟಣದ ಕಲಾನಗರಕ್ಕೆ ಹೋದೆ. ಆಲೆಮರದಲ್ಲಿ ಕಾಲಿಂಚು ತೂತಿನ ಒಂದು ಬಿರಡೆ, ಕಪ್ಪು ಅರಗು ಎಂದೆ. ಲೇತಿನ ಮುಂದಿದ್ದ ಹಿರಿಯರು, "ಒಂದಕ್ಕೆಲ್ಲ ಲೇತ್ ಕಟ್ಟೋಕಾಗಲ್ಲ ಸಾರ್, ಡಜನ್ ತಗೊಳ್ಳಿ" ಎಂದರು. ಏತಕ್ಕೆ ಎಂದು ಕೇಳಿದರು. ಆವೋ ಪಕ್ಕದಲ್ಲಿಡುವ ಯಂತ್ರ ಎಂದೆ. "ಯಾರು ಬರಬೇಕು?" ಎಂದರು, ಅವರ ಮನೆಮಾತಿನಲ್ಲಿ ಆವೋ ಎಂದರೆ ಬಾ. ಇಬ್ಬರೂ ನಕ್ಕೆವು. ತಿರುಗುವ ಮರಕ್ಕೆ ಅರಗು ಒತ್ತಿದಾಗ ಬಿಸಿಗೆ ಕರಗಿ ಬಣ್ಣ ಹತ್ತಿತು, ತಾಳೆಗರಿ ಹಿಡಿದಾಗ ಕನ್ನಡಿಯಂತೆ ಹೊಳೆಯಿತು. ಹನ್ನೊಂದು ಬಿರಡೆ ಮಿಕ್ಕಿವೆ. ಒಂದನ್ನು ಅತ್ತೆ ಕುಂಕುಮದ ಬಟ್ಟಲಿನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾರೆ.

ಕೊನೆಗೆ ಮೇಲ್ದರ್ಜೆಗೇರಿಸುವ ಹುಕಿ ಬಂತು. ಬೆಂಕಿಪೊಟ್ಟಣದಷ್ಟಿನ ಡಿಜಿಟಲ್ ಕೌಂಟರು ತಂದು ಆಸಿಲೇಟರಿನ ಪಕ್ಕೆಗೆ ಕಟ್ಟಿದೆ. ಆವರ್ತನ ಎಷ್ಟೆಂದು ಕೆಂಪು ಅಂಕಿಯಲ್ಲಿ ತಾನೇ ಹೇಳುತ್ತದೆ. ಆಕಾಶವಾಣಿಗೆ ಕಾಯಬೇಕಿಲ್ಲ, ಬೆಳಗ್ಗೆ ಏಳಬೇಕಿಲ್ಲ. ಎಲ್ಲ ಸರಿಯಾಯಿತು, ಇನ್ನು ಹೊಳಪು ಕೊಡೋಣ ಎಂದು ಸ್ಪಿರಿಟ್ಟಿನ ಬಾಟಲಿ ತೆಗೆದದ್ದು ಆ ಸಂಜೆಯೇ.

ಉಳಿದ ಒಂದು ಗೆರೆಯನ್ನು ಎರಡು ದಿನ ನೋಡುತ್ತ ಕೂತೆ. ಅದು ಅಚ್ಚಿನ ಅಂಕಿಯಲ್ಲಿ 620ರ ಹತ್ತಿರ ಬೀಳುತ್ತದೆ. ಕೌಂಟರು 612 ತೋರಿಸುವಾಗ ಮುಳ್ಳು ನಿಲ್ಲುವುದು 614ರ ಮೇಲೆ. ಎಂದರೆ ನನ್ನ ಹೊಸ ವಾಲ್ವು, ಹೊಸ ಕಂಡೆನ್ಸರು ಸೇರಿ ಯಂತ್ರವನ್ನು ಅದು ಹುಟ್ಟಿದ ಊರಿನ ಲೆಕ್ಕಕ್ಕೆ ಮರಳಿಸಿದ್ದವು. ರಿಪೇರಿ ಬಲು ಚೊಕ್ಕ. ಮಾವನ ಗೆರೆ ಮಾತ್ರ ಈಗ ತಪ್ಪು.

ಕಿತ್ತಿಟ್ಟ ಬಿ.ಇ.ಎಲ್. ವಾಲ್ವು ಕಸದ ಡಬ್ಬಿಗೆ ಇನ್ನೂ ಹೋಗಿರಲಿಲ್ಲ. ಕಾಲಿನ ಕಿಲುಬನ್ನು ಬ್ಲೇಡಿನಿಂದ ಕೆರೆದು, ಬೆಳಗಿನ ಜಾವ ಅದನ್ನೇ ಮತ್ತೆ ಕೂರಿಸಿದೆ. ಕಾವು ಹಿಡಿಯಲಿ ಎಂದು ಅರ್ಧ ಗಂಟೆ ಬಿಟ್ಟೆ. ಕೌಂಟರಿನ ಕೆಂಪು ಅಂಕಿ ಕಣ್ಣಿಗೆ ಚುಚ್ಚುತ್ತಿತ್ತು, ವಯರು ಬಿಚ್ಚಿದೆ. ರೇಡಿಯೊ 612ರಲ್ಲಿ ಕರಕರ ಎನ್ನುತ್ತಿತ್ತು. ಮಧ್ಯಮ ತರಂಗದ ಪ್ರಸಾರ ಕೇಂದ್ರಗಳನ್ನು ದೇಶದಲ್ಲಿ ಒಂದೊಂದಾಗಿ ಮುಚ್ಚುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದರಿಂದ ಒಂದು ಅಳುಕು. ಆದರೆ ಕರಕರ ತಟ್ಟನೆ ಅಡಗಿತು. ಅಲೆ ಬಂದು ನಿಂತಿತು.

ಆಲೆಮರದ ಬಿರಡೆ ಹಿಡಿದು ತಿರುಗಿಸಿದೆ. ಸಿಳ್ಳೆ ಎದ್ದಿತು. ಇಳಿಯಿತು. ಮುಳ್ಳು 86ರ ಗೆರೆಯ ಕಡೆ ಹೋಗುತ್ತಿತ್ತು. ಡಬ್ ಡಬ್ ಶುರುವಾಯಿತು.

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆಗೆ ಈಗ ಕಿವಿ ಮಂದ. ಬಾಗಿಲ ಗಂಟೆ ಕೇಳುವುದಿಲ್ಲ.

"ಸೊನ್ನೆ ಬಿತ್ತೇ? ಕಾಫಿ ಸೋಸಲೇ?" ಎಂದು ಕೂಗಿದರು. ನನ್ನನ್ನು ಅವರು ಎಂದೂ ಹಾಗೆ ಕೇಳಿದವರಲ್ಲ.

ಡಬ್ ಡಬ್ ನಿಂತಿತ್ತು. ಮುಳ್ಳು ಗೆರೆಯನ್ನು ಮುಟ್ಟಿರಲಿಲ್ಲ.

"ಇನ್ನೊಂದು ಕೂದಲೆಳೆ ಇದೆ ಅತ್ತೆ" ಎಂದೆ.